ಏರು ಹತ್ತದ ಕಾರು ಮತ್ತು ಇವರ ಕಿವಿ

ನಮ್ಮವರ ಕಿವಿ ಮಂದವಾಗುತ್ತಿದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ನನ್ನ ಹೊಲಿಗೆ ಮೆಷಿನ್ನಿನಿಂದ. ಆದರೆ ಅದು ಸುಳಿವು ಎಂದು ಆಗ ನನಗೆ ಹೊಳೆಯಲಿಲ್ಲ.

ಮೂಡಿಗೆರೆಯಲ್ಲಿ ನಮ್ಮ ಮನೆಯ ಮುಂಭಾಗವೇ ಇವರ ಗ್ಯಾರೇಜು. ರಸ್ತೆಗೆ ತೆರೆದುಕೊಂಡ ದೊಡ್ಡ ಶೆಡ್ಡು, ಅದರ ಹಿಂದೊಂದು ಗೋಡೆ, ಗೋಡೆಯ ಈಚೆ ನಾನು ರವಿಕೆ, ಲಂಗ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಕೋಣೆ. ಮದುವೆಯಾಗಿ ಬಂದ ಹೊಸತರಲ್ಲಿ ನನಗೊಂದು ಆಶ್ಚರ್ಯ. ನನ್ನ ಮೆಷಿನ್ನಿಗೆ ಎಣ್ಣೆ ಒಣಗಿದರೆ ನನಗಿಂತ ಮೊದಲು ಇವರಿಗೆ ಗೊತ್ತಾಗುತ್ತಿತ್ತು. ಆ ಕಡೆ ಯಾವುದಾದರೂ ಜೀಪಿನ ಎಂಜಿನ್ ಓಡುತ್ತಿದ್ದರೂ ಸರಿಯೇ, ಎಣ್ಣೆ ಡಬ್ಬಿ ಹಿಡಿದು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

"ಏಳು ಮಾರಾಯ್ತಿ. ಅದು ಅಷ್ಟೊತ್ತಿಂದ ಅಳ್ತಾ ಇದೆ, ನಿಂಗೆ ಕೇಳಲ್ವಾ?"

ನನಗೆ ನಿಜವಾಗಿಯೂ ಕೇಳುತ್ತಿರಲಿಲ್ಲ. ಇವರು ಎರಡು ಹನಿ ಬಿಟ್ಟು, ಚಕ್ರ ತಿರುಗಿಸಿ, ಕಿವಿಯನ್ನು ಒಂದು ಕಡೆಗೆ ವಾಲಿಸಿ, ಸಮಾಧಾನವಾದ ಮೇಲೆ ಹೋಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಶಾಲೆ ಶುರುವಾಗುವ ಸಮಯದಲ್ಲಿ, ಕೈತುಂಬ ಯೂನಿಫಾರಂ ಇದ್ದಾಗ, ಮೆಷಿನ್ನು ಕಿರ್ರೆನ್ನತೊಡಗಿತು. ಈ ಸಲ ನನಗೇ ಕೇಳಿಸಿತು. ಬರುತ್ತಾರೆ ಎಂದುಕೊಂಡು ಹೊಲಿಯುತ್ತಲೇ ಇದ್ದೆ. ಬರಲಿಲ್ಲ. ಮರುದಿನವೂ ಬರಲಿಲ್ಲ. ಕೆಲಸ ಜಾಸ್ತಿಯಿರಬೇಕು ಎಂದುಕೊಂಡು ನಾನೇ ಎಣ್ಣೆ ಬಿಟ್ಟುಕೊಂಡೆ. ಒಂಚೂರು ಬೇಜಾರಾಯಿತು, ಅಷ್ಟೆ.

ಇವರ ಹೆಸರು ಈ ಕಡೆಯ ತೋಟಗಳಲ್ಲೆಲ್ಲ ಓಡಾಡುತ್ತಿದ್ದದ್ದು ಕಿವಿಯಿಂದಲೇ. ಗಾಡಿ ಬಂದು ನಿಂತರೆ ಇವರು ಬಾನೆಟ್ ಎತ್ತುತ್ತಿರಲಿಲ್ಲ. ಎಂಜಿನ್ ಓಡಲು ಬಿಟ್ಟು ಸುತ್ತ ಒಂದು ಸುತ್ತು ನಡೆಯುತ್ತಿದ್ದರು. ಹಿಂದೆ ಬಂದು ಸೈಲೆನ್ಸರ್ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಎದ್ದು ಹೇಳುತ್ತಿದ್ದ ಮಾತು ಬಹುಮಟ್ಟಿಗೆ ಸರಿಯಾಗಿರುತ್ತಿತ್ತು. ತಪ್ಪಿದ್ದು ಇಲ್ಲವೆಂದಲ್ಲ. ಆದರೆ ತಪ್ಪಿದಾಗ ಅವರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ಸೈಲೆನ್ಸರ್ ಇವರ ಮೆಚ್ಚಿನ ವಿಷಯ. ಎಲ್ಲರೂ ಎಂಜಿನ್ನಿಗೆ ಏನು ಹೋಗುತ್ತದೆ ಎಂದು ನೋಡುತ್ತಾರೆ, ಏನು ಹೊರಗೆ ಬರುತ್ತದೆ ಎಂದು ಯಾರೂ ನೋಡುವುದಿಲ್ಲ ಎನ್ನುವುದು ಇವರ ದೂರು. ನನಗೆ ಅದನ್ನು ತಿಳಿಸಿಕೊಟ್ಟದ್ದು ಬಚ್ಚಲ ಹಂಡೆ ಒಲೆಯ ಮುಂದೆ. ನಾನು ಊದಿ ಊದಿ ಕಣ್ಣಲ್ಲಿ ನೀರು ತುಂಬಿಕೊಂಡಿದ್ದೆ, ಬೆಂಕಿ ಹತ್ತುತ್ತಿರಲಿಲ್ಲ. ಇವರು ಬಂದು ಹೊಗೆಕೊಳವೆ ಬಿಚ್ಚಿ ಅಂಗಳದಲ್ಲಿ ಬಡಿದರು. ಬಕೆಟ್ಟು ತುಂಬ ಮಸಿ ಬಿತ್ತು.

"ಸೌದೆದು ತಪ್ಪಲ್ಲ, ನಿಂದೂ ತಪ್ಪಲ್ಲ," ಎಂದರು. "ಹೊಗೆ ಹೋಗೋಕೆ ದಾರಿ ಇಲ್ಲ. ಎಂಜಿನ್ನೂ ಹಂಗೇ. ಸುಟ್ಟ ಗ್ಯಾಸನ್ನ ಪಿಸ್ಟನ್ನೇ ಹೊರಗೆ ದಬ್ಬಬೇಕು. ಮುಂದೆ ದಾರಿ ಇಕ್ಕಟ್ಟಾದ್ರೆ ದಬ್ಬೋದಕ್ಕೇ ಅದರ ಶಕ್ತಿ ಖರ್ಚಾಗ್ತದೆ. ದಬ್ಬಿದ್ರೂ ಪೂರ್ತಿ ಹೋಗಲ್ಲ, ಒಳಗೆ ಹಳೇ ಹೊಗೆ ಉಳೀತದೆ. ಹೊಸ ಗಾಳಿ, ಹೊಸ ಪೆಟ್ರೋಲು ಬರೋಕೆ ಜಾಗ ಎಲ್ಲಿದೆ? ಅದಕ್ಕೇ ಬ್ಯಾಕ್ ಪ್ರೆಶರ್ ಅನ್ನೋದು."

ತೋಟದ ಹುಡುಗರು ಗುಡ್ಡದ ಮಣ್ಣುದಾರಿಗಳಲ್ಲಿ ಕಾರು ಓಡಿಸುವ ಪಂದ್ಯಗಳಿಗೆ ಹೋಗುತ್ತಿದ್ದರು. ಅವರ ಕಾರುಗಳನ್ನು ಸಿದ್ಧಮಾಡುವುದು ಇವರಿಗೆ ಹಬ್ಬವಿದ್ದಂತೆ. ಹುಡುಗರು ಬಂದ ಕೂಡಲೇ ಕೇಳುವುದು ಒಂದೇ. ಕಂಪನಿ ಸೈಲೆನ್ಸರ್ ಕಿತ್ತು ಅಗಲವಾದ ಪೈಪು ಹಾಕಿಕೊಡಿ, ಬ್ಯಾಕ್ ಪ್ರೆಶರ್ ಹೋಗಲಿ, ಪವರ್ ಬರಲಿ.

"ದೊಡ್ಡ ಪೈಪ್ ಹಾಕಿದ್ರೆ ಬರೋದು ದೊಡ್ಡ ಶಬ್ದ ಮಾರಾಯ, ದೊಡ್ಡ ಪವರ್ ಅಲ್ಲ," ಎಂದು ಇವರು ಸ್ಟೂಲಿನ ಮೇಲೆ ಕೂತು ಪಾಠ ಶುರುಮಾಡುತ್ತಿದ್ದರು. "ಪೈಪು ಇಕ್ಕಟ್ಟಾಗಿದ್ರೂ ಕಷ್ಟ, ಅತಿ ಅಗಲ ಆದ್ರೂ ಕಷ್ಟ. ಹೊಗೆ ಓಡ್ತಾ ಇರ್ಬೇಕು. ಓಡೋ ಹೊಗೆ ತನ್ನ ಹಿಂದಿನ ಹೊಗೆನ ಎಳ್ಕೊಂಡು ಹೋಗ್ತದೆ. ಪೈಪು ಅಗಲ ಆದ್ರೆ ಅದು ಸೋಮಾರಿ ಆಗ್ತದೆ, ಎಳೆಯಲ್ಲ. ಎಂಜಿನ್ನು ಜೋರಾಗಿ ತಿರುಗುವಾಗ ಅಗಲದ ಪೈಪು ಸರಿ. ಆದ್ರೆ ನೀನು ಓಡಿಸೋದು ತಿರುವಲ್ಲಿ, ಏರಲ್ಲಿ. ಅಲ್ಲಿ ಎಂಜಿನ್ ನಿಧಾನ ತಿರುಗ್ತಿರ್ಬೇಕಾದ್ರೇ ಎಳೆತ ಬೇಕು."

ಹುಡುಗರು ತಲೆಯಾಡಿಸುತ್ತಿದ್ದರು. ಆದರೂ ಶಬ್ದ ಬೇಕು ಎನ್ನುತ್ತಿದ್ದರು. ಆಮೇಲೆ ಇವರು ತಮಗೆ ಸರಿಯೆನಿಸಿದ ಅಳತೆ ಸಿಗುವ ತನಕ ಪೈಪು ಕತ್ತರಿಸುವುದು, ಬೆಸೆಯುವುದು, ಸೈಲೆನ್ಸರ್ ಇಲ್ಲದೆಯೇ ಎಂಜಿನ್ ಓಡಿಸಿ ಕೇಳುವುದು. ತಗಡಿನ ಮಾಡು ನಡುಗುತ್ತಿತ್ತು. ಅಡುಗೆಮನೆಯ ನಾಗಂದಿಗೆಯ ಮೇಲಿನ ಪಾತ್ರೆಗಳು ಕಣಕಣ ಎನ್ನುತ್ತಿದ್ದವು. ನಾನು ಕಿವಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಇವರು ಮಾತ್ರ ಪೈಪಿನ ಬಾಯಿಯ ಪಕ್ಕದಲ್ಲೇ ಕೂತಿರುತ್ತಿದ್ದರು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದರೆ, "ಹತ್ತಿ ಇಟ್ಕೊಂಡ್ರೆ ಕೇಳೋದು ಹೆಂಗೆ?" ಎನ್ನುತ್ತಿದ್ದರು. ಹೀಗೇ ವರ್ಷಗಟ್ಟಲೆ ನಡೆಯಿತು.

ಜಾವಳಿಯ ಕಡೆಯಿಂದ ಒಬ್ಬರು ಟೀಚರಮ್ಮ ಬರುತ್ತಿದ್ದರು. ನಿವೃತ್ತಿಯಾಗಿ ಮನೆಯ ಚೂರು ತೋಟ ನೋಡಿಕೊಂಡಿದ್ದವರು. ಅವರದೊಂದು ಹಳೆಯ ಚಿಕ್ಕ ಕಾರು. ಕಳಸದಲ್ಲಿ ಹಾಸಿಗೆ ಹಿಡಿದಿದ್ದ ತಮ್ಮ ತಂಗಿಯನ್ನು ನೋಡಲು ಆ ಕಾರಿನಲ್ಲಿ ಒಬ್ಬರೇ ಹೋಗಿಬರುತ್ತಿದ್ದರು. ಇವರ ಮೇಲೆ ಅವರಿಗೆ ಪೂರ್ತಿ ನಂಬಿಕೆ. ಗಾಡಿ ಬಿಟ್ಟು ನನ್ನ ಕೋಣೆಯಲ್ಲಿ ಕೂತು ಕಾಫಿ ಕುಡಿದು, ನನ್ನ ಹೊಲಿಗೆ ನೋಡಿ, ತಾವು ತಂದ ಕಿತ್ತಳೆಯನ್ನೋ ಬಾಳೆಗೊನೆಯ ಚಿಪ್ಪನ್ನೋ ಇಟ್ಟು ಹೋಗುತ್ತಿದ್ದರು.

ಒಂದು ದಿನ ಅವರು ಬಂದು, "ಇದು ಏರು ಹತ್ತಲ್ಲ ಅಂತದೆ," ಎಂದರು. "ಸ್ಟಾರ್ಟ್ ಆಗ್ತದೆ, ನಿಂತಲ್ಲಿ ಚೆನ್ನಾಗೇ ಓಡ್ತದೆ. ಬಯಲು ದಾರೀಲಿ ನಿಧಾನ ಹೋದ್ರೆ ತೊಂದರೆ ಇಲ್ಲ. ಏರು ಬಂತು ಅಂದ್ರೆ ಎಷ್ಟು ಒತ್ತಿದ್ರೂ ಉಸಿರೇ ಇಲ್ಲ. ಮೊದಲನೇ ಗೇರಲ್ಲಿ ತೆವಳ್ಕೊಂಡು ಬಂದೆ."

ಇವರು ಎಂದಿನಂತೆ ಎಂಜಿನ್ ಓಡಿಸಿ ಸುತ್ತು ನಡೆದರು. ಹಿಂದೆ ಕೂತು ಕಣ್ಣು ಮುಚ್ಚಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಇವತ್ತು ಬಹಳ ಹೊತ್ತು ಕೂತರಲ್ಲ ಎನಿಸಿತು. ಎದ್ದು, "ಪೆಟ್ರೋಲ್ ಸರಿಯಾಗಿ ಬರ್ತಿಲ್ಲ ಅನ್ಸತ್ತೆ," ಎಂದರು.

ಫಿಲ್ಟರ್ ಬದಲಾಯಿಸಿದರು, ಪಂಪು ನೋಡಿದರು, ಪ್ಲಗ್ ಹಾಕಿದರು. ಟೀಚರಮ್ಮ ಕಾರು ಒಯ್ದವರು ಆ ವಾರದಲ್ಲೇ ಮತ್ತೆ ಬಂದರು. ಹಾಗೇ ಇದೆ. ಇವರು ಕ್ಲಚ್ ಬಿಚ್ಚಿದರು. ಕ್ಲಚ್ ಸರಿಯಾಗಿಯೇ ಇತ್ತು. ಮತ್ತೆ ಜೋಡಿಸಿದರು. ಊಟಕ್ಕೆ ಕರೆದರೆ ಬಂದು ಕೂತು, ಅನ್ನ ಕಲಸಿ, ತಿನ್ನದೆ ಯೋಚಿಸುತ್ತಿದ್ದರು. ನನ್ನ ಮೇಲೆ ಸಿಡುಕಿದರು. ಟೀಚರಮ್ಮನಿಗೆ, "ಇನ್ನೊಂದು ಎರಡು ದಿನ ಇರ್ಲಿ," ಎಂದರು. ಅವರು, "ಪರವಾಗಿಲ್ಲ, ಬಸ್ಸಿದೆಯಲ್ಲ," ಎಂದು ಕಳಸದ ಬಸ್ಸು ಹತ್ತಿದರು. ಆ ವಯಸ್ಸಿನಲ್ಲಿ ಆ ತಿರುವುಗಳ ದಾರಿಯಲ್ಲಿ ಬಸ್ಸಿನಲ್ಲಿ ನಿಂತು ಹೋಗುವುದು ಅವರಿಗೆ ಸುಲಭವಾಗಿರಲಿಲ್ಲ.

ಕೊನೆಗೆ ಇವರು, "ಹಳೇ ಎಂಜಿನ್ನು, ಸವೆದಿದೆ. ಇಷ್ಟೇ ಇನ್ನು," ಎಂದು ಗಾಡಿ ಕೊಟ್ಟುಬಿಟ್ಟರು. ಟೀಚರಮ್ಮ ತೆಗೆದುಕೊಂಡು ಹೋದರು.

ಸ್ವಲ್ಪ ದಿನ ಕಳೆದು ಅದೇ ಕಾರು ಬಂದು ನಿಂತಿತು. ಟೀಚರಮ್ಮ ಇಳಿದು ನೇರ ಇವರ ಹತ್ತಿರ ಹೋಗದೆ ನನ್ನ ಕೋಣೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು.

"ಚಿಕ್ಕಮಗಳೂರಿಗೆ ಹೋಗಿದ್ದೆ. ಅಲ್ಲಿ ದಾರೀಲೇ ನಿಂತುಬಿಡ್ತು. ಹತ್ರ ಇದ್ದ ಗ್ಯಾರೇಜಿಗೆ ತೋರಿಸ್ಬೇಕಾಯ್ತು," ಎಂದರು. "ಸೈಲೆನ್ಸರಿಗೆ ಮೊದಲು ಒಂದು ಡಬ್ಬಿ ಇರ್ತದಂತಲ್ಲ, ಹೊಗೆ ಶುದ್ಧ ಮಾಡೋದು. ಅದರ ಒಳಗಿನ ಜೇನುಗೂಡಿನಂಥದ್ದು ಪುಡಿಯಾಗಿ ದಾರಿ ಕಟ್ಟಿತ್ತಂತೆ. ಅದನ್ನ ಬದಲಾಯಿಸಿದ್ರು. ಈಗ ಏರಲ್ಲಿ ಆರಾಮ ಬರ್ತದೆ. ಇವ್ರಿಗೆ ಹೇಳ್ಬೇಕೋ ಬೇಡ್ವೋ ಅಂತ ನಂಗೆ ಗೊತ್ತಾಗ್ತಿಲ್ಲ. ಬೇರೆ ಕಡೆ ತೋರಿಸಿದೆ ಅಂತ ಬೇಜಾರು ಮಾಡ್ಕೋತಾರೇನೋ."

ಹೇಳಲೇಬೇಕು ಎಂದು ನಾನೇ ಇವರನ್ನು ಕರೆದೆ. ಇವರು ಕೈ ಒರೆಸಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತರು. ಟೀಚರಮ್ಮ ಮತ್ತೊಮ್ಮೆ ಹೇಳಿದರು. ಇವರ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ.

"ಹೊಗೆ ಕಟ್ಟಿತ್ತಾ?" ಎಂದರು.

"ಹಾಗಂದ್ರು."

"ಅವ್ರಿಗೆ ಹೆಂಗೆ ಗೊತ್ತಾಯ್ತಂತೆ?"

ಟೀಚರಮ್ಮ ನನ್ನ ಕಡೆ ನೋಡಿದರು. "ಎಂಜಿನ್ ಜೋರು ಮಾಡಿದಾಗ ಅಡಿಯಿಂದ ಬುಸ್ ಅಂತ ಶಬ್ದ ಬರ್ತಿತ್ತಂತೆ. ಸಣ್ಣಗೆ. ಅವರು ತೋರಿಸಿದ ಮೇಲೆ ನನಗೂ ಕೇಳಿಸ್ತು."

ಇವರು ತಲೆಯಾಡಿಸಿದರು. "ಒಳ್ಳೇದಾಯ್ತು ಬಿಡಿ," ಎಂದರು. ಆಮೇಲೆ, "ನೀವು ಬಸ್ಸಲ್ಲಿ ಹೋಗೋ ಹಂಗೆ ಮಾಡ್ಬಿಟ್ಟೆ," ಎಂದು ಹೊರಟರು. ಕಾಫಿ ಮಾಡಿ ಕರೆದೆ, ಬರಲಿಲ್ಲ.

ಟೀಚರಮ್ಮ ಹೋದ ಮೇಲೆ ಶೆಡ್ಡಿಗೆ ಹೋಗಿ ನೋಡಿದೆ. ನಮ್ಮದೇ ಕಾರನ್ನು ಸ್ಟಾರ್ಟ್ ಮಾಡಿ, ಒಂದು ಹಳೆಯ ಬಟ್ಟೆ ಮಡಚಿ ಸೈಲೆನ್ಸರ್ ಬಾಯಿಗೆ ಅರ್ಧ ಒತ್ತಿ ಹಿಡಿದು ಕೂತಿದ್ದರು. ಬಟ್ಟೆಯ ಅಂಚಿನಿಂದ ಹೊಗೆ ಬುಸುಗುಡುತ್ತಿತ್ತು. ನನಗೆ ಬಾಗಿಲ ತನಕ ಕೇಳುತ್ತಿತ್ತು.

"ನಿಂಗೆ ಕೇಳ್ತಿದ್ಯಾ?" ಎಂದು ಕೇಳಿದರು.

ನಾನು ಹೌದು ಎಂದೆ. ಇವರು ಬಟ್ಟೆಯನ್ನು ಇನ್ನೂ ಒತ್ತಿದರು, ಸಡಿಲಿಸಿದರು, ಮತ್ತೆ ಒತ್ತಿದರು. ನಂತರ ಎದ್ದು ಎಂಜಿನ್ ಬಂದ್ ಮಾಡಿ, ಬೀಗದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಅಂಗೈಯಲ್ಲಿ ಹಿಡಿದುಕೊಂಡು ನಿಂತರು.

ಹಾಸನದಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ಒಂದು ಸಣ್ಣ ಗಾಜಿನ ಕೋಣೆಯಲ್ಲಿ ಇವರನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿದಾಗಲೆಲ್ಲ ಒತ್ತಬೇಕು. ಹೊರಗೆ ಯಂತ್ರದ ಮುಂದೆ ಕೂತಿದ್ದ ಹುಡುಗಿಯ ಪಕ್ಕದಲ್ಲಿ ನನಗೂ ಕುರ್ಚಿ ಹಾಕಿದ್ದರು. ಮೊದಮೊದಲು ಇವರು ಒತ್ತುತ್ತಿದ್ದರು. ಒತ್ತಿದ ಕೂಡಲೇ ಯಂತ್ರದ ಮೇಲೆ ಸಣ್ಣ ದೀಪ ಹತ್ತುತ್ತಿತ್ತು. ಆಮೇಲೆ ಹುಡುಗಿ ಶಬ್ದದ ತಿರುಪನ್ನು ತಿರುಗಿಸುವುದು, ಕಾಯುವುದು, ಮತ್ತೆ ತಿರುಗಿಸುವುದು. ದೀಪ ಹತ್ತಲಿಲ್ಲ. ಇವರು ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು, ಪರೀಕ್ಷೆ ಇನ್ನೂ ಶುರುವಾಗಿಲ್ಲವೇನೋ ಎಂಬಂತೆ, ನನ್ನನ್ನು ನೋಡಿ ನಕ್ಕರು. ಶಬ್ದ ಆಗುತ್ತಲೇ ಇತ್ತು ಎಂದು ನನಗೆ ಗೊತ್ತಿತ್ತು. ನಾನೂ ನಕ್ಕೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಡಾಕ್ಟರು ಕೆಲಸ ಏನೆಂದು ಕೇಳಿದರು. ಹೇಳಿದೆವು. "ಸೈಲೆನ್ಸರ್ ಇಲ್ಲದ ಎಂಜಿನ್ ಪಕ್ಕ ಎಷ್ಟು ವರ್ಷ ಕೂತಿದ್ರಿ?" ಎಂದರು. ಇವರು ಬೆರಳು ಮಡಚಿ ಎಣಿಸತೊಡಗಿ, ಮಧ್ಯದಲ್ಲೇ ಬಿಟ್ಟರು. ಸಣ್ಣ, ಮೊನಚು ಶಬ್ದಗಳು ಹೋಗಿವೆ, ಅವು ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ದಪ್ಪ ಶಬ್ದ ಇನ್ನೂ ಉಳಿದಿದೆ, ಆದ್ದರಿಂದಲೇ ಇಷ್ಟು ದಿನ ಗೊತ್ತಾಗಲಿಲ್ಲವಂತೆ. ಹಿನ್ನೆಲೆಯಲ್ಲಿ ಗದ್ದಲವಿದ್ದರೆ ಮಾತು ಕೂಡ ಸರಿಯಾಗಿ ಹಿಡಿಯುವುದಿಲ್ಲವಂತೆ. ಕಿವಿಗೆ ಹಾಕುವ ಮೆಷಿನ್ ಬರೆದುಕೊಟ್ಟರು.

ದಾರಿಯಲ್ಲಿ ಬರುವಾಗ ಇವರು ಒಂದೇ ಮಾತು ಆಡಿದ್ದು. "ಅಷ್ಟು ಜನಕ್ಕೆ ಹೇಳಿದೆ, ದೊಡ್ಡ ಪೈಪಿಂದ ಬರೋದು ಬರೀ ಶಬ್ದ ಅಂತ."

ಕಿವಿಯ ಮೆಷಿನ್ ಶೆಡ್ಡಿನಲ್ಲಿ ಒಗ್ಗಲಿಲ್ಲ. ಸುತ್ತಿಗೆಯ ಏಟು ತಲೆಯೊಳಗೇ ಬೀಳುತ್ತದೆ ಎಂದು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಪ್ರೆಶರ್ ಗೇಜು ತರಿಸಿದರು. ಎಂಜಿನ್ನಿನಿಂದ ಬರುವ ಪೈಪಿನಲ್ಲಿ ಸೆನ್ಸರ್ ಕೂರುವ ತೂತಿಗೆ ಅದನ್ನು ತಿರುಗಿಸಿ, ಎಂಜಿನ್ ಜೋರು ಮಾಡಿ, ಮುಳ್ಳು ಎಷ್ಟು ಏರುತ್ತದೆಂದು ನೋಡುವುದು. ಹೊಗೆ ಕಟ್ಟಿದ್ದರೆ ಮುಳ್ಳು ಮೇಲೆ ಹೋಗುತ್ತದೆ, ಸರಾಗವಾಗಿದ್ದರೆ ಕೆಳಗೇ ಇರುತ್ತದೆ. ಮೊದಲಿಗಿಂತ ಖಚಿತವಾಗಿಯೇ ಗೊತ್ತಾಗುತ್ತಿತ್ತು. ಕೆಲಸ ನಿಲ್ಲಲಿಲ್ಲ, ಗಾಡಿಗಳು ಸರಿಯಾಗಿ ಹೋದವು. ಆದರೆ ಇವರು ಆ ಗೇಜಿನ ಮುಂದೆ ಯಾರದೋ ಮನೆಯ ಗಡಿಯಾರ ನೋಡುವವರ ಹಾಗೆ ನಿಂತಿರುತ್ತಿದ್ದರು.

ಪಂದ್ಯದ ಕಾರುಗಳನ್ನು ಬಿಟ್ಟುಬಿಟ್ಟರು. ಹಳೆಯ ಪರಿಚಯದ ತೋಟದ ಹುಡುಗನೊಬ್ಬ ಹೊಸ ಕಾರು ತಂದಿದ್ದ. "ನೀವು ಕೇಳಿ ಹೇಳಿದ್ರೇ ನಂಗೆ ಧೈರ್ಯ ಅಣ್ಣ," ಎಂದ.

"ನಂಗೆ ಕೇಳಲ್ಲ ಮಾರಾಯ," ಎಂದರು ಇವರು.

ಅವನು ತಮಾಷೆ ಎಂದುಕೊಂಡು ನಕ್ಕ. ಇವರು ಕಿವಿಯ ಮೆಷಿನ್ನನ್ನು ಜೇಬಿನಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಹುಡುಗ ನಗು ನಿಲ್ಲಿಸಿ ಕಾರಿನ ಬಾನೆಟ್ಟನ್ನು ಒಮ್ಮೆ ಸವರಿ, ಹೋದ.

ಮನೆಯೊಳಗಿನ ಬದಲಾವಣೆ ಹೊರಗಿನವರಿಗೆ ಕಾಣುವಂಥದ್ದಲ್ಲ. ಜಗಳವಿಲ್ಲ, ಮುನಿಸಿಲ್ಲ. ಕೂಗಿ ಹೇಳಿದರೆ ಇವರಿಗೆ ಕೇಳುತ್ತದೆ. ಆದರೆ ಸಂಸಾರದಲ್ಲಿ ಕೂಗಿ ಹೇಳುವಂಥ ಮಾತು ಎಷ್ಟಿರುತ್ತದೆ? ಹಾಲು ಒಡೆದಿದೆ, ಪಕ್ಕದ ಮನೆಯವರ ಬೆಕ್ಕು ಮರಿ ಹಾಕಿದೆ, ಈ ಬಟ್ಟೆಯ ಬಣ್ಣ ನೋಡಿ ಎಷ್ಟು ಚೆನ್ನಾಗಿದೆ. ಒಮ್ಮೆ ಹೇಳುತ್ತೇನೆ. "ಎಂತ?" ಎನ್ನುತ್ತಾರೆ. ಇನ್ನೊಮ್ಮೆ ಜೋರಾಗಿ ಹೇಳುವಾಗ ಆ ಮಾತೇ ಪೆದ್ದುಪೆದ್ದಾಗಿ ಕೇಳುತ್ತದೆ. "ಏನಿಲ್ಲ ಬಿಡಿ," ಎಂದುಬಿಡುತ್ತೇನೆ. ಹಾಗೆ ಬಿಟ್ಟ ಮಾತುಗಳು ಎಷ್ಟೋ.

ಹೋದ ವರ್ಷ ವಸ್ತಾರೆಯಲ್ಲಿದ್ದ ನನ್ನ ಅಕ್ಕ ತೀರಿಕೊಂಡಳು. ಕಾಯಿಲೆ ಇತ್ತು, ಆದರೆ ಅಷ್ಟು ಬೇಗ ಎಂದು ಯಾರೂ ಎಣಿಸಿರಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಭಾವ ಫೋನ್ ಮಾಡಿದರು. ನಾನು ಮೆಷಿನ್ನಿನಿಂದ ಎದ್ದು ಶೆಡ್ಡಿಗೆ ಹೋದೆ. ಇವರು ಒಂದು ಜೀಪಿನ ಅಡಿಯಲ್ಲಿ ಮಲಗಿದ್ದರು. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಗಾಡಿಯ ಎಂಜಿನ್ ಓಡುತ್ತಿತ್ತು. ಇಬ್ಬರು ಗಿರಾಕಿಗಳು ಬೆಂಚಿನ ಮೇಲೆ ಕೂತಿದ್ದರು.

ನಾನು ಬಗ್ಗಿ, "ಅಕ್ಕ ಹೋದ್ಲು," ಎಂದೆ.

"ಎಂತ?"

"ಅಕ್ಕ ಹೋದ್ಲು ರೀ," ಎಂದು ದನಿ ಏರಿಸಿದೆ.

"ಎಲ್ಲಿಗೆ?" ಎಂದರು ಅಡಿಯಿಂದ.

ಆ ಮಾತಿಗೆ ಏನು ಹೇಳಬೇಕು? "ಅಕ್ಕ ಸತ್ತುಹೋದ್ಲು," ಎಂದು ಕಿರುಚಿದೆ. ಸತ್ತಳು ಎಂಬ ಮಾತನ್ನು ನಮ್ಮಲ್ಲಿ ಯಾರೂ ತಮ್ಮವರ ಬಗ್ಗೆ ಹಾಗೆ ಹೇಳುವುದಿಲ್ಲ. ನಾನು ಅದನ್ನು ರಸ್ತೆಗೆ ಕೇಳುವಂತೆ ಕೂಗಿದೆ. ಬೆಂಚಿನ ಮೇಲಿದ್ದವರು ಎದ್ದು ನಿಂತರು. ಎದುರಿನ ಅಂಗಡಿಯವರು ಹೊರಗೆ ಬಂದರು. ಇವರು ಜೀಪಿನ ಅಡಿಯಿಂದ ಜಾರಿಕೊಂಡು ಬಂದು, ಗ್ರೀಸಿನ ಕೈಗಳನ್ನು ಎರಡು ಕಡೆಗೂ ಚಾಚಿ, ನನ್ನನ್ನು ಮುಟ್ಟಲಾಗದೆ ನಿಂತರು.

ವಸ್ತಾರೆಗೆ ನಮ್ಮ ಕಾರಿನಲ್ಲೇ ಹೊರಟೆವು. ನನಗೆ ಏನೇನೋ ಹೇಳಬೇಕಿತ್ತು. ಮೊನ್ನೆ ಮಾತಾಡಿದಾಗ ಅಕ್ಕ ಏನೆಂದಳು, ಚಿಕ್ಕವರಿದ್ದಾಗ ಕಾಫಿ ಹಣ್ಣಿನ ಸಿಪ್ಪೆ ಚೀಪಿದ್ದು, ಮಳೆಗಾಲದಲ್ಲಿ ಇಬ್ಬರೂ ಒಂದೇ ಗೋಣಿಕೊಪ್ಪೆ ಹೊದ್ದು ಶಾಲೆಗೆ ಹೋಗಿದ್ದು, ನನ್ನ ಮದುವೆಯ ರವಿಕೆಯನ್ನು ಅವಳೇ ಹೊಲಿದದ್ದು. ಕಿಟಕಿಯ ಕಡೆ ಮುಖ ಮಾಡಿಕೊಂಡು ಒಬ್ಬಳೇ ಹೇಳಿಕೊಳ್ಳುತ್ತಿದ್ದೆ. ಅಳು ಬಂದಾಗ ತಡೆಯಲಿಲ್ಲ. ಇವರು ರಸ್ತೆ ನೋಡುತ್ತಿದ್ದರು. ಎಂಜಿನ್ನಿನ ಶಬ್ದದಲ್ಲಿ ಇವರಿಗೆ ಏನೂ ಕೇಳುತ್ತಿರಲಿಲ್ಲ.

ಆಲ್ದೂರು ದಾಟಿದ ಮೇಲೆ ಒಂದು ಏರಿನಲ್ಲಿ ಇವರು ಗೇರು ಬದಲಿಸಲು ಕೈ ಇಟ್ಟವರು ನನ್ನ ಕಡೆ ತಿರುಗಿ ನೋಡಿದರು. ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ ಎಂಜಿನ್ ಬಂದ್ ಮಾಡಿದರು. ಕಿವಿಯ ಮೆಷಿನ್ನನ್ನು ಜೇಬಿನಿಂದ ತೆಗೆದು ಹಾಕಿಕೊಂಡರು. ಇಡೀ ಮೈಯನ್ನು ನನ್ನ ಕಡೆಗೆ ತಿರುಗಿಸಿ ಕೂತರು.

"ಈಗ ಹೇಳು," ಎಂದರು.

"ಹೊತ್ತಾಗ್ತದೆ ರೀ. ಅಲ್ಲಿ ಕಾಯ್ತಿರ್ತಾರೆ."

"ಹೇಳು."

ನಾನು ಮೊದಲಿನಿಂದ ಹೇಳಿದೆ. ನನ್ನ ತುಟಿಯನ್ನೇ ನೋಡುತ್ತ ಕೇಳಿದರು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಹಿಂದಿನಿಂದ ಬಂದ ಲಾರಿಯೊಂದು ಹಾರನ್ ಹೊಡೆದು ದಾಟಿತು. ಇವರು ತಿರುಗಲಿಲ್ಲ.

ನಾವು ತಲುಪುವ ಹೊತ್ತಿಗೆ ಅಕ್ಕನಿಗೆ ಸ್ನಾನ ಮಾಡಿಸಿ ಜಗಲಿಯಲ್ಲಿ ಮಲಗಿಸಿದ್ದರು. ಭಾವ ಇವರ ಹತ್ತಿರ ಬಂದು ಕೈ ಹಿಡಿದು ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಸುತ್ತ ಜನ, ಹೆಂಗಸರ ಅಳು. ಇವರು ಹೌದು ಹೌದು ಎಂದು ತಲೆಯಾಡಿಸುತ್ತ ನನ್ನ ಕಡೆ ನೋಡಿದರು. ಎರಡು ಹೆಜ್ಜೆ ಆಚೆ ನಿಂತಿದ್ದ ನನಗೆ ಭಾವನ ಮಾತು ಕೇಳಿಸಿತ್ತು, ಇವರಿಗೆ ಕೇಳಿಸಿಲ್ಲ ಎಂದು ಗೊತ್ತಾಯಿತು. ಹತ್ತಿರ ಹೋಗಿ, ಕಿವಿಗೆ ಬಾಯಿಟ್ಟು, ಭಾವ ಹೇಳಿದ್ದನ್ನು ಹೇಳಿದೆ. ಕೊನೆಯ ಹೊತ್ತಿನಲ್ಲಿ ಅಕ್ಕ ನನ್ನ ಹೆಸರು ಹಿಡಿದು ಕರೆದಳಂತೆ.